ಆದಾಯ ತೆರಿಗೆ ಕ್ರಿಮಿನಲ್ ಕೇಸು: ವಕೀಲರಿಲ್ಲದೆ ಕೋರ್ಟಿಗೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಆದಾಯ ತೆರಿಗೆ ಇಲಾಖೆ ಹೂಡಿದ ಕ್ರಿಮಿನಲ್ ಕೇಸಿನಲ್ಲಿ ಸಮನ್ಸ್ ಬಂದಾಗ ಬಹಳ ಜನ ಮೊದಲು ಹೇಳುವ ಮಾತು, ‘ತೆರಿಗೆ, ಬಡ್ಡಿ ಎಲ್ಲ ಕಟ್ಟಿಬಿಟ್ಟಿದ್ದೇನಲ್ಲ, ಇನ್ನೆಂಥ ಕೇಸು?’ ಎರಡನೇ ಮಾತು ಇನ್ನೂ ಅಪಾಯದ್ದು: ‘ತಪ್ಪಾಯಿತು ಅಂತ ಒಪ್ಪಿಕೊಂಡು ದಂಡ ಕಟ್ಟಿ ಹೋಗ್ತೀನಿ.’ ಟ್ರಾಫಿಕ್ ಕೇಸಿನಲ್ಲಿ ನಡೆಯುವುದು ಇಲ್ಲಿ ನಡೆಯದು. 1961ರ ಆದಾಯ ತೆರಿಗೆ ಕಾಯ್ದೆಯ ಮುಖ್ಯ ಅಪರಾಧಗಳಿಗೆಲ್ಲ ಕನಿಷ್ಠ ಮೂರು ತಿಂಗಳ ಕಠಿಣ ಸಜೆ ಇದೆ. 18 ವರ್ಷ ತುಂಬಿದವರಿಗೆ ಪ್ರೊಬೇಷನ್ ಮೇಲೆ (ಜೈಲಿಗೆ ಕಳಿಸದೆ ಸನ್ನಡತೆಯ ಷರತ್ತಿನ ಮೇಲೆ) ಬಿಡುವ ದಾರಿಯನ್ನೂ ಕಲಂ 292ಎ ಮುಚ್ಚಿದೆ. ಹಾಗಾಗಿ ಕೇಸೇನೆಂದು ಪೂರ್ತಿ ಅರ್ಥವಾಗುವ ತನಕ ತಪ್ಪೊಪ್ಪಿಗೆಯ ಮಾತು ಬಾಯಿಗೆ ಬರಕೂಡದು.

ಈ ಬರಹ ಆದಾಯ ತೆರಿಗೆ ಕೇಸುಗಳಿಗೆ ಮಾತ್ರ. ಜಿಎಸ್‌ಟಿ ಕೇಸುಗಳಲ್ಲಿ ಬಂಧನದ ಅಧಿಕಾರವೂ ವಿಧಾನವೂ ಬೇರೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಕಲಂಗಳ ಸಂಖ್ಯೆ ಬದಲಾಗಿದೆ. ಹಿಂದಿನ ವರ್ಷಗಳ ಕೇಸುಗಳಲ್ಲಿ ಹಳೆಯ ಕಲಂಗಳೇ ಇರುತ್ತವೆ, ಇಲ್ಲಿ ಕೊಟ್ಟಿರುವುದೂ ಅವನ್ನೇ. ನಿಮ್ಮ ಫಿರ್ಯಾದಿನಲ್ಲಿ ಯಾವ ಕಾಯ್ದೆ, ಯಾವ ಕಲಂ ಬರೆದಿದೆಯೋ ಅದನ್ನು ಮೊದಲು ನೋಡಿಕೊಳ್ಳಿ.

ಕೈಗೆ ಬಂದಿರುವ ಕಾಗದ ಯಾವುದು?

ಮೂರು ಬಗೆಯ ಕಾಗದಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ.

ಮೊದಲನೆಯದು ಇಲಾಖೆಯ ಶೋಕಾಸ್ ನೋಟಿಸ್: ‘ನಿಮ್ಮ ಮೇಲೆ ಪ್ರಾಸಿಕ್ಯೂಷನ್ ಏಕೆ ಹೂಡಬಾರದು’ ಎಂದು ಕೇಳುವುದು. ಇದು ಬಂದಾಗ ಕೇಸು ಇನ್ನೂ ಕೋರ್ಟಿಗೆ ಹೋಗಿರುವುದಿಲ್ಲ. ದಾಖಲೆ ಸಮೇತ ಉತ್ತರ ಕೊಡಲು ಇದಕ್ಕಿಂತ ಅಗ್ಗದ, ಸುಲಭದ ಹಂತ ಮತ್ತೆ ಸಿಗುವುದಿಲ್ಲ. ಹಾಗಿದ್ದೂ ಹೆಚ್ಚಿನವರು ಇದನ್ನು ಇಮೇಲ್‌ನಲ್ಲಿ ನೋಡದೇ ಬಿಟ್ಟಿರುತ್ತಾರೆ.

ಎರಡನೆಯದು ಕೋರ್ಟಿನ ನೋಟಿಸ್. 2024ರ ಜುಲೈ 1ರ ನಂತರದ ಫಿರ್ಯಾದುಗಳಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಅನ್ವಯಿಸುತ್ತದೆ. ಅದರ ಕಲಂ 223ರಂತೆ ಆರೋಪಿಯ ಮಾತು ಕೇಳಲು ಅವಕಾಶ ಕೊಡದೆ ಮ್ಯಾಜಿಸ್ಟ್ರೇಟರು ಕಾಗ್ನಿಜೆನ್ಸ್ ತೆಗೆದುಕೊಳ್ಳುವಂತಿಲ್ಲ, ಅಂದರೆ ಅಪರಾಧವನ್ನು ವಿಚಾರಣೆಗೆ ಪರಿಗಣಿಸುವಂತಿಲ್ಲ. ಈ ನೋಟಿಸಿನ ಹಂತದಲ್ಲಿ ಜಾಮೀನಿನ ಮಾತಿಲ್ಲ, ತಪ್ಪೊಪ್ಪಿಗೆಯ ಪ್ರಶ್ನೆಯೂ ಇಲ್ಲ. ಫಿರ್ಯಾದು ಮೇಲ್ನೋಟಕ್ಕೇ ನಿಲ್ಲುವುದಿಲ್ಲ ಎನ್ನಲು ಕಾರಣಗಳಿದ್ದರೆ ಲಿಖಿತವಾಗಿ ಕೊಡಬಹುದು.

ಮೂರನೆಯದು ಸಮನ್ಸ್. ಇದು ಬಂತೆಂದರೆ ಕೇಸು ದಾಖಲಾಗಿ ಸಿ.ಸಿ. ನಂಬರ್ (ಕ್ರಿಮಿನಲ್ ಕೇಸಿನ ಸಂಖ್ಯೆ) ಬಿದ್ದಿದೆ ಎಂದರ್ಥ. ಸಮನ್ಸ್ ಜೊತೆ ಫಿರ್ಯಾದಿನ ಪ್ರತಿ ಇರಲೇಬೇಕು. ಇಲ್ಲದಿದ್ದರೆ ಮೊದಲ ದಿನವೇ ‘ಫಿರ್ಯಾದು ಮತ್ತು ಅದರ ಜೊತೆಗಿನ ದಾಖಲೆಗಳ ಪ್ರತಿ ಕೊಡಿಸಬೇಕು’ ಎಂದು ಮೆಮೊ (ಚಿಕ್ಕ ಲಿಖಿತ ಕೋರಿಕೆ) ಹಾಕಿ.

2024ರ ಜುಲೈಗೂ ಮುಂಚೆ ವಿಚಾರಣೆ ಶುರುವಾಗಿದ್ದ ಕೇಸುಗಳು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಂತೆಯೇ ಮುಂದುವರಿಯುತ್ತವೆ.

ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರತಿ ಕೇಸಿಗೂ ಇರುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಮುಂದಿನ ದಿನಾಂಕ ಸಿಗುತ್ತದೆ. ಆದರೂ ಆ್ಯಪ್ ಒಂದನ್ನೇ ನಂಬಿ ಕೂರಬೇಡಿ. ಅಪ್‌ಡೇಟ್ ತಡವಾಗುವುದುಂಟು. ದಿನಾಂಕವನ್ನು ಕೋರ್ಟ್ ಹಾಲಿನಲ್ಲೇ ಬೆಂಚ್ ಕ್ಲರ್ಕ್ ಹತ್ತಿರ ಕೇಳಿ ಬರೆದುಕೊಳ್ಳಿ.

ಮೂರು ದಾರಿ, ಮೂರು ಕಡತ

ತೆರಿಗೆ ನಿರ್ಧರಣೆ (ಅಸೆಸ್‌ಮೆಂಟ್), ದಂಡ, ಪ್ರಾಸಿಕ್ಯೂಷನ್ ಇವು ಬೇರೆ ಬೇರೆ. ಅಸೆಸ್‌ಮೆಂಟ್ ಆದೇಶದ ಮೇಲೆ ಅಪೀಲು ಹಾಕಿದ ಮಾತ್ರಕ್ಕೆ ಕ್ರಿಮಿನಲ್ ಕೇಸು ನಿಲ್ಲುವುದಿಲ್ಲ. ಇದನ್ನು ಸುಪ್ರೀಂ ಕೋರ್ಟ್ 1984ರಲ್ಲೇ ಪಿ. ಜಯಪ್ಪನ್ ಪ್ರಕರಣದಲ್ಲಿ ಹೇಳಿದೆ. ಆದರೆ ಟ್ರಿಬ್ಯೂನಲ್ ಆದಾಯ ಮರೆಮಾಚಿದ್ದಾರೆ ಎಂಬ ತೀರ್ಮಾನವನ್ನೇ ತಳ್ಳಿಹಾಕಿ ದಂಡ ರದ್ದು ಮಾಡಿದರೆ ಅದೇ ಆರೋಪದ ಕ್ರಿಮಿನಲ್ ಕೇಸು ನಿಲ್ಲದು ಎಂದು 2004ರ ಕೆ.ಸಿ. ಬಿಲ್ಡರ್ಸ್ ತೀರ್ಪು ಹೇಳುತ್ತದೆ. ಆದ್ದರಿಂದ ಅಪೀಲನ್ನು ಅರ್ಧಕ್ಕೆ ಬಿಡಬೇಡಿ. ಅಲ್ಲಿ ಗೆದ್ದ ಆದೇಶ ಕ್ರಿಮಿನಲ್ ಕೋರ್ಟಿನಲ್ಲಿ ನಿಮ್ಮ ಅತ್ಯುತ್ತಮ ದಾಖಲೆಯಾಗಬಹುದು.

ಇ-ಫೈಲಿಂಗ್ ಪೋರ್ಟಲ್‌ನಿಂದ ಈಗಲೇ ಇಳಿಸಿಕೊಳ್ಳಬೇಕಾದವು: ರಿಟರ್ನ್ ಸ್ವೀಕೃತಿ, 143(1) ಇಂಟಿಮೇಷನ್ (ರಿಟರ್ನ್ ಪರಿಶೀಲಿಸಿ ಇಲಾಖೆ ಕಳಿಸುವ ಪತ್ರ), 26ಎಎಸ್ (ನಿಮ್ಮ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿ), ಎಐಎಸ್ (ವಾರ್ಷಿಕ ಮಾಹಿತಿ ಪಟ್ಟಿ), ಇ-ಪ್ರೊಸೀಡಿಂಗ್ಸ್‌ನಲ್ಲಿರುವ ಎಲ್ಲ ನೋಟಿಸು ಮತ್ತು ನಿಮ್ಮ ಉತ್ತರಗಳು, ಅಸೆಸ್‌ಮೆಂಟ್ ಆದೇಶ, ಕಲಂ 156ರ ಡಿಮ್ಯಾಂಡ್ ನೋಟಿಸ್, ದಂಡದ ಆದೇಶ, ಚಲನ್‌ಗಳು. ಚಲನ್‌ನಲ್ಲಿ ಬಿಎಸ್‌ಆರ್ ಕೋಡ್ (ಬ್ಯಾಂಕ್ ಶಾಖೆಯ ಸಂಖ್ಯೆ), ಕ್ರಮಸಂಖ್ಯೆ, ಕಟ್ಟಿದ ದಿನಾಂಕ ಮೂರೂ ಓದುವಂತಿರಬೇಕು. ಟಿಡಿಎಸ್ (ಹಣ ಕೊಡುವಾಗಲೇ ಕಡಿತ ಮಾಡುವ ತೆರಿಗೆ) ಕೇಸಾದರೆ ಇಲಾಖೆಯ ಟ್ರೇಸಸ್ ಪೋರ್ಟಲ್‌ನಿಂದ ಆ ತ್ರೈಮಾಸಿಕಗಳ ಸ್ಟೇಟ್‌ಮೆಂಟ್ ಮತ್ತು ಡಿಫಾಲ್ಟ್ ವಿವರ ಬೇಕು.

ಈ ಪ್ರಿಂಟ್‌ಗಳನ್ನು ಕೋರ್ಟಿನಲ್ಲಿ ನಿಶಾನೆ ಮಾಡಿಸಬೇಕಾದರೆ, ಅಂದರೆ ಸಂಖ್ಯೆ ಹಾಕಿ ಸಾಕ್ಷ್ಯವಾಗಿ ಸೇರಿಸಬೇಕಾದರೆ, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಎ ಭಾಗಕ್ಕೆ ದಾಖಲೆ ಹಾಜರುಪಡಿಸುವವರ ಸಹಿ, ಬಿ ಭಾಗಕ್ಕೆ ತಜ್ಞರ ಸಹಿ, ಜೊತೆಗೆ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲವೆಂದು ತೋರಿಸುವ ಡಿಜಿಟಲ್ ಗುರುತು). ಇಲಾಖೆ ಹಾಜರುಪಡಿಸುವ ಕಂಪ್ಯೂಟರ್ ಪ್ರಿಂಟ್‌ಗಳಿಗೂ ಈ ಪ್ರಮಾಣಪತ್ರ ಇದೆಯೇ ನೋಡಿ. ಇಲ್ಲದಿದ್ದರೆ ನಿಶಾನೆ ಮಾಡುವ ಕ್ಷಣದಲ್ಲೇ ಎದ್ದು ನಿಂತು ಆಕ್ಷೇಪಣೆ ದಾಖಲಿಸಿ. ವಾದದ ದಿನ ಮೊದಲ ಬಾರಿಗೆ ಎತ್ತಿದರೆ ತಡವಾಯಿತು.

ಆರೋಪವನ್ನು ಬಿಡಿಸಿ ಓದುವುದು

ಕೇಸಿನ ಸ್ಪಷ್ಟತೆ ಸಿಗುವುದು ಇಲ್ಲೇ. ಫಿರ್ಯಾದು ಇಂಗ್ಲಿಷಿನಲ್ಲಿ ಹದಿನೈದಿಪ್ಪತ್ತು ಪುಟ ಇರಬಹುದು. ಹೆಚ್ಚಿನದು ಅಸೆಸ್‌ಮೆಂಟ್ ಆದೇಶದಿಂದ ಎತ್ತಿ ಹಾಕಿದ್ದು. ನಿಮಗೆ ಬೇಕಾದದ್ದು ಮೂರೇ: ಕಲಂ, ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ಹಣಕಾಸು ವರ್ಷದ ಮುಂದಿನ ವರ್ಷ), ಮೊತ್ತ. ಸಾಮಾನ್ಯವಾಗಿ ಬರುವ ಕಲಂಗಳಿವು.

276ಬಿ: ಕಡಿತ ಮಾಡಿದ ಟಿಡಿಎಸ್ ಅನ್ನು ಸರ್ಕಾರಕ್ಕೆ ಕಟ್ಟದಿರುವುದು. 3 ತಿಂಗಳಿಂದ 7 ವರ್ಷ. ಇಲ್ಲಿ ಕಲಂ 278ಎಎ ಆಸರೆಯಾಗುತ್ತದೆ: ಕಟ್ಟದಿರಲು ಸಮಂಜಸ ಕಾರಣವಿತ್ತೆಂದು ಸಾಬೀತು ಮಾಡಿದರೆ ಶಿಕ್ಷೆ ಇಲ್ಲ. ಬರೀ ‘ತಡವಾಗಿ ಕಟ್ಟಿದ್ದೇವೆ’ ಎಂಬುದು ಉತ್ತರವಲ್ಲ. ತಡವಾಗಿ ಕಟ್ಟಿದರೆ ಅಪರಾಧ ಅಳಿಸಿಹೋಗುವುದಿಲ್ಲ ಎಂದು 2007ರ ಮಧುಮಿಲನ್ ಸಿಂಟೆಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2024ರ ಅಕ್ಟೋಬರ್ 1ರಿಂದ ಒಂದು ವಿನಾಯಿತಿ ಬಂದಿದೆ: ಆ ತ್ರೈಮಾಸಿಕದ ಸ್ಟೇಟ್‌ಮೆಂಟ್ ಸಲ್ಲಿಸುವ ಗಡುವಿನೊಳಗೆ ಕಟ್ಟಿದ್ದರೆ ಈ ಕಲಂ ಅನ್ವಯಿಸದು.

276ಸಿ(1): ಉದ್ದೇಶಪೂರ್ವಕವಾಗಿ ತೆರಿಗೆ ತಪ್ಪಿಸುವ ಯತ್ನ. ಮೊತ್ತ 25 ಲಕ್ಷ ಮೀರಿದರೆ 6 ತಿಂಗಳಿಂದ 7 ವರ್ಷ, ಇಲ್ಲದಿದ್ದರೆ 3 ತಿಂಗಳಿಂದ 2 ವರ್ಷ. 276ಸಿ(2): ನಿರ್ಧಾರವಾದ ತೆರಿಗೆಯ ಪಾವತಿಯನ್ನು ತಪ್ಪಿಸುವ ಯತ್ನ, 3 ತಿಂಗಳಿಂದ 2 ವರ್ಷ. ಇವೆರಡರ ನಡುವಿನ ವ್ಯತ್ಯಾಸ ಹಿಡಿಯದೆ ಉತ್ತರ ಕೊಟ್ಟವರು ಬಹಳ. ಮೊದಲನೆಯದಕ್ಕೆ ಆದಾಯ ಮುಚ್ಚಿಟ್ಟ ಆರೋಪ ಬೇಕು. ಎರಡನೆಯದರಲ್ಲಿ ಆದಾಯ ತೋರಿಸಿರುತ್ತೀರಿ, ಹಣ ಕಟ್ಟಿರುವುದಿಲ್ಲ. ರಿಟರ್ನ್ ಹಾಕಿ ತೆರಿಗೆ ತಡವಾಗಿ ಕಟ್ಟಿದ ಮಾತ್ರಕ್ಕೆ 276ಸಿ(2) ಆಗದು ಎಂಬುದಕ್ಕೆ ಕರ್ನಾಟಕ ಹೈಕೋರ್ಟಿನ 2019ರ ವಯ್ಯಾಲಿಕಾವಲ್ ಹೌಸ್ ಬಿಲ್ಡಿಂಗ್ ಸೊಸೈಟಿ ತೀರ್ಪು ಇದೆ. ಆಸ್ತಿಯನ್ನು ಬೇರೆಯವರ ಹೆಸರಿಗೆ ಮಾಡಿದ್ದು, ಖಾತೆ ಖಾಲಿ ಮಾಡಿದ್ದು, ಇಂಥ ಯಾವ ಕೃತ್ಯವನ್ನು ಫಿರ್ಯಾದಿನಲ್ಲಿ ಹೇಳಿದ್ದಾರೆ ಎಂದು ಹುಡುಕಿ. ಏನೂ ಇಲ್ಲದಿದ್ದರೆ ಅದೇ ನಿಮ್ಮ ಮುಖ್ಯ ವಾದ.

277: ಸುಳ್ಳು ಎಂದು ಗೊತ್ತಿದ್ದೂ ರಿಟರ್ನ್ ಅಥವಾ ಹೇಳಿಕೆಗೆ ಸಹಿ ಹಾಕಿದ್ದು. ಶಿಕ್ಷೆ 276ಸಿ(1)ರ ಹಾಗೆಯೇ ಎರಡು ಹಂತದ್ದು.

276ಸಿಸಿ: ರಿಟರ್ನ್ ಹಾಕದಿರುವುದು. ಸಂಬಳದಾರರಿಗೂ ಸಣ್ಣ ವ್ಯಾಪಾರಿಗಳಿಗೂ ಬರುವುದರಿಂದ ಇದನ್ನು ಒಂದು ಉದಾಹರಣೆಯಲ್ಲಿ ಬಿಡಿಸೋಣ.

ಅಸೆಸ್‌ಮೆಂಟ್ ವರ್ಷ 2022-23, ಆಡಿಟ್ ಇಲ್ಲದ ವ್ಯಕ್ತಿ. ಗಡುವು 2022ರ ಜುಲೈ 31. ರಿಟರ್ನ್ ಹಾಕಿಲ್ಲ. ಅಸೆಸ್‌ಮೆಂಟ್‌ನಲ್ಲಿ ನಿರ್ಧಾರವಾದ ತೆರಿಗೆ 1,62,000 ರೂ., ಟಿಡಿಎಸ್ 1,35,000 ರೂ. ಬಾಕಿ 27,000. ಕಲಂನ ವಿನಾಯಿತಿಯಂತೆ, ಕಂಪನಿಯಲ್ಲದವರಿಗೆ ಈ ಬಾಕಿ 10,000 ರೂ. ಮೀರದಿದ್ದರೆ ಪ್ರಾಸಿಕ್ಯೂಷನ್ ಇಲ್ಲ. ಇಲ್ಲಿ ಮೀರಿದೆ. ಆದರೆ ಇದೇ ವ್ಯಕ್ತಿ 2023ರ ಮಾರ್ಚ್ 31ರೊಳಗೆ 20,000 ಮುಂಗಡ ಅಥವಾ ಸ್ವಯಂ ನಿರ್ಧರಣಾ ತೆರಿಗೆ ಕಟ್ಟಿದ್ದರೆ ಬಾಕಿ 7,000ಕ್ಕೆ ಇಳಿದು ವಿನಾಯಿತಿ ಸಿಗುತ್ತದೆ. ಏಪ್ರಿಲ್‌ನಲ್ಲಿ ಕಟ್ಟಿದ ಚಲನ್ ಈ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ಚಲನ್‌ನ ದಿನಾಂಕ ಮುಖ್ಯ. ಮಾರ್ಚ್ 31ರೊಳಗೆ ರಿಟರ್ನ್ ಹಾಕಿದ್ದರೂ, ಅಥವಾ ಕಲಂ 139(8ಎ)ರ ಅಪ್‌ಡೇಟೆಡ್ ರಿಟರ್ನ್ ಅನ್ನು ಅದರ ಅವಧಿಯೊಳಗೆ ಹಾಕಿದ್ದರೂ ವಿನಾಯಿತಿ ಇದೆ. 2019-20 ಮತ್ತು ಅದಕ್ಕೂ ಹಿಂದಿನ ವರ್ಷಗಳಾದರೆ ಮಿತಿ 3,000 ರೂ.

ಒಂದು ಎಚ್ಚರಿಕೆ: ಈ ವಿನಾಯಿತಿ ಕಲಂ 139(1)ರ ರಿಟರ್ನ್‌ಗೆ ಮಾತ್ರ. ರಿಟರ್ನ್ ಹಾಕಿ ಎಂದು 142(1) ಅಥವಾ 148ರ ನೋಟಿಸ್ ಕೊಟ್ಟ ಮೇಲೂ ಹಾಕದವರಿಗೆ ಸಿಗದು ಎಂದು 2014ರ ಶಶಿ ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಫಿರ್ಯಾದಿನಲ್ಲಿ ಯಾವ ನೋಟಿಸ್ ಆಧಾರವೆಂದು ಓದದೆ ಲೆಕ್ಕ ಹಾಕಿ ಖುಷಿಪಡಬೇಡಿ.

ಈಗ ಒಂದು ಹಾಳೆ ತೆಗೆದುಕೊಂಡು ನಾಲ್ಕು ಕಾಲಂ ಎಳೆಯಿರಿ. ಒಂದರಲ್ಲಿ ಕಲಂನ ಪ್ರತಿ ಅಂಶ: ‘ಕಂಪನಿಯಲ್ಲದ ವ್ಯಕ್ತಿ’, ‘ಗಡುವಿನೊಳಗೆ ಹಾಕಿಲ್ಲ’, ‘ಉದ್ದೇಶಪೂರ್ವಕವಾಗಿ’, ‘ಮೊತ್ತ’. ಎರಡರಲ್ಲಿ ಫಿರ್ಯಾದಿನ ಯಾವ ಪ್ಯಾರಾ ಅದನ್ನು ಹೇಳುತ್ತದೆ. ಮೂರರಲ್ಲಿ ಅದಕ್ಕೆ ಇಲಾಖೆಯ ದಾಖಲೆ. ನಾಲ್ಕರಲ್ಲಿ ನಿಮ್ಮ ದಾಖಲೆ. ಎರಡು ಮತ್ತು ಮೂರನೇ ಕಾಲಂನಲ್ಲಿ ಖಾಲಿ ಉಳಿದ ಜಾಗಗಳೇ ಪಾಟೀಸವಾಲಿಗೆ (ಇಲಾಖೆಯ ಸಾಕ್ಷಿಯನ್ನು ನೀವು ಪ್ರಶ್ನಿಸುವುದಕ್ಕೆ) ವಸ್ತು. ನಾಲ್ಕರಲ್ಲಿ ಖಾಲಿ ಇದ್ದರೆ ನೀವು ಓಡಾಡಿ ಹುಡುಕಬೇಕಾದದ್ದು.

‘ಉದ್ದೇಶಪೂರ್ವಕ’ ಎಂಬುದರಲ್ಲಿ ಹೊರೆ ನಿಮ್ಮ ಮೇಲೆ

ಸಾಮಾನ್ಯ ಕ್ರಿಮಿನಲ್ ಕೇಸಿನಲ್ಲಿ ದುರುದ್ದೇಶವನ್ನು ಪ್ರಾಸಿಕ್ಯೂಷನ್ ಸಾಬೀತು ಮಾಡಬೇಕು. ಇಲ್ಲಿ ಕಲಂ 278ಇ ಅದನ್ನು ತಿರುಗಿಸಿದೆ. ದುರುದ್ದೇಶ ಇತ್ತೆಂದೇ ಕೋರ್ಟು ಭಾವಿಸುತ್ತದೆ. ಇರಲಿಲ್ಲವೆಂದು ಸಂಶಯಕ್ಕೆಡೆಯಿಲ್ಲದಂತೆ ತೋರಿಸಬೇಕಾದವರು ನೀವು. ಸುಮ್ಮನೆ ಕೂತರೆ ಕೇಸು ತಾನಾಗಿ ಬಿದ್ದುಹೋಗುತ್ತದೆ ಎಂಬ ಲೆಕ್ಕಾಚಾರ ಇಲ್ಲಿ ಕೈಕೊಡುತ್ತದೆ. ‘ನಮ್ಮ ಸಿಎ ನೋಡಿಕೊಳ್ಳುತ್ತಿದ್ದರು’ ಎಂದು ಬಾಯಲ್ಲಿ ಹೇಳಿದರೆ ಸಾಲದು. ಗಡುವಿಗೆ ಮುಂಚೆ ದಾಖಲೆ ಕಳಿಸಿದ ಇಮೇಲ್, ಶುಲ್ಕ ಕೊಟ್ಟ ಬ್ಯಾಂಕ್ ವಿವರ ಬೇಕು. ಕಾಯಿಲೆಯಾದರೆ ಆ ದಿನಾಂಕಗಳ ಡಿಸ್ಚಾರ್ಜ್ ಸಮ್ಮರಿ. ಹಣವಿರಲಿಲ್ಲ ಎಂದಾದರೆ ಆ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಅದೇ ತಿಂಗಳು ಸ್ಟೇಟ್‌ಮೆಂಟಿನಲ್ಲಿ ಕಾರಿನ ಡೌನ್ ಪೇಮೆಂಟ್ ಇದ್ದರೆ ಆ ಕಾಗದ ನಿಮಗೇ ತಿರುಗುಬಾಣವಾಗುತ್ತದೆ. ಹಾಜರುಪಡಿಸುವ ಮುನ್ನ ಸಾಲು ಸಾಲಾಗಿ ಓದಿ.

ಮಂಜೂರಾತಿ ಆದೇಶ ಮತ್ತು ಸುತ್ತೋಲೆ

ಕಲಂ 279(1)ರಂತೆ ಪ್ರಿನ್ಸಿಪಲ್ ಕಮಿಷನರ್ ಅಥವಾ ಕಮಿಷನರ್ ದರ್ಜೆಯವರ ಮಂಜೂರಾತಿ ಇಲ್ಲದೆ ಈ ಕೇಸುಗಳನ್ನು ಹೂಡುವಂತಿಲ್ಲ. ಆದೇಶದ ದಿನಾಂಕ ಫಿರ್ಯಾದಿಗಿಂತ ಹಿಂದಿನದೇ, ನಿಮ್ಮ ವರ್ಷ, ನಿಮ್ಮ ಕಲಂ ಅದರಲ್ಲಿದೆಯೇ ಪರೀಕ್ಷಿಸಿ. ಕಂಪನಿಯ ನಿರ್ದೇಶಕರೆಂದು ಆರೋಪಿ ಮಾಡಿದ್ದರೆ ಕಲಂ 278ಬಿ ನೋಡಿ: ಆ ಅವಧಿಯಲ್ಲಿ ಕಂಪನಿಯ ವ್ಯವಹಾರದ ಹೊಣೆ ನಿಮ್ಮದಾಗಿತ್ತೆಂದು ಫಿರ್ಯಾದಿನಲ್ಲಿ ಹೇಳಿರಬೇಕು.

ನೇರ ತೆರಿಗೆ ಮಂಡಳಿಯ 2019ರ ಸೆಪ್ಟೆಂಬರ್ 9ರ ಸುತ್ತೋಲೆ 24/2019 ಕೈಯಲ್ಲಿರಲಿ. 276ಸಿ(1) ಮತ್ತು 276ಸಿಸಿಯಲ್ಲಿ ಮೊತ್ತ 25 ಲಕ್ಷ ಅಥವಾ ಕಡಿಮೆ ಇದ್ದರೆ, ಮುಖ್ಯ ಆಯುಕ್ತರ ದರ್ಜೆಯ ಇಬ್ಬರ ಕೊಲಿಜಿಯಂ ಮುಂಚಿತವಾಗಿ ಒಪ್ಪದೆ ಮುಂದುವರಿಯಬಾರದು ಎನ್ನುತ್ತದೆ ಅದು. ಮೇಲಿನ ಉದಾಹರಣೆಯ ವ್ಯಕ್ತಿ ಮೊದಲು ಕೇಳಬೇಕಾದ ಕಾಗದ ಆ ಒಪ್ಪಿಗೆಯ ಪತ್ರವೇ. ಮಂಡಳಿಯ ಸುತ್ತೋಲೆಗಳನ್ನು ಬದಿಗೊತ್ತಿ ನಡೆಸಿದ್ದ 276ಸಿ(1) ಕೇಸೊಂದನ್ನು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು.

ಕೇಸು ಹಾಕಲು ಕಾಲಮಿತಿ ಮೀರಿದೆ ಎಂಬ ವಾದದಲ್ಲಿ ಸಮಯ ಕಳೆಯಬೇಡಿ. 1974ರ ಆರ್ಥಿಕ ಅಪರಾಧಗಳ ಕಾಯ್ದೆ ಆ ಮಿತಿಯನ್ನು ತೆಗೆದುಹಾಕಿದೆ.

ಮೊದಲ ಹಾಜರಿ

ಬೆಂಗಳೂರಿನಲ್ಲಿ ಇಂಥ ಕೇಸುಗಳು ಆರ್ಥಿಕ ಅಪರಾಧಗಳ ವಿಶೇಷ ನ್ಯಾಯಾಲಯದ ಮುಂದೆ ಬರುತ್ತವೆ. ಕಲಾಪ ಶುರುವಾಗುವ ಮುಂಚೆಯೇ ಹೋಗಿ ಕಾಸ್ ಲಿಸ್ಟ್‌ನಲ್ಲಿ ನಿಮ್ಮ ಕ್ರಮಸಂಖ್ಯೆ ನೋಡಿಕೊಳ್ಳಿ. ಜೊತೆಗೆ ಆಧಾರ್, ಫೋಟೊ, ಸಮನ್ಸ್, ಜಾಮೀನುದಾರರು. ಜಾಮೀನುದಾರರ ಹತ್ತಿರ ಪಹಣಿ ಅಥವಾ ಆಸ್ತಿಯ ಖಾತಾ, ಇಲ್ಲವೇ ಸಂಬಳ ಚೀಟಿ, ಮತ್ತು ಗುರುತಿನ ಚೀಟಿ ಇರಬೇಕು. 2 ವರ್ಷದವರೆಗಿನ ಶಿಕ್ಷೆಯ ಕಲಂಗಳಲ್ಲಿ ಜಾಮೀನು ಹಕ್ಕು. 7 ವರ್ಷದವುಗಳಲ್ಲಿ ಅರ್ಜಿ ಹಾಕಿ ಕೇಳಬೇಕು. ಅಂಥ ಕಲಂ ಇದ್ದರೆ ಆ ಒಂದು ದಿನಕ್ಕಾದರೂ ವಕೀಲರನ್ನು ಇಟ್ಟುಕೊಳ್ಳುವುದು ಜಾಣತನ.

ಹೆಸರು ಕೂಗಿದಾಗ ಮುಂದೆ ಬಂದು ‘ಆರೋಪಿ ಹಾಜರಿದ್ದೇನೆ, ನನ್ನ ಕೇಸು ನಾನೇ ನಡೆಸುತ್ತೇನೆ’ ಎಂದಷ್ಟೇ ಹೇಳಿ. ನ್ಯಾಯಾಧೀಶರಿಗೆ ಕಥೆ ಹೇಳುವ ದಿನ ಅದಲ್ಲ. ಮುಂದೆ ಯಾವುದೋ ದಿನ ಬರಲಾಗದಿದ್ದರೆ ಗೈರುಹಾಜರಿ ಮನ್ನಾ ಅರ್ಜಿಯನ್ನು ಬಿಎನ್‌ಎಸ್‌ಎಸ್ ಕಲಂ 355ರಡಿ ಹಾಕಬೇಕು. ತೊಂದರೆ ಏನೆಂದರೆ, ವಕೀಲರಿಲ್ಲದವರ ಪರ ಆ ದಿನ ಅರ್ಜಿ ಕೊಡುವವರೇ ಇರುವುದಿಲ್ಲ. ಆಮೇಲೆ ಜಾಮೀನುರಹಿತ ವಾರಂಟ್. ವಾರಂಟ್ ಆಗಿದೆಯೆಂದು ತಿಳಿದರೆ ಪೊಲೀಸರಿಗೆ ಕಾಯದೆ ನೀವೇ ಹಾಜರಾಗಿ ಅದನ್ನು ಹಿಂಪಡೆಯುವಂತೆ ರೀಕಾಲ್ ಅರ್ಜಿ ಕೊಡಿ. ಆರಂಭದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿಡುವುದು ಇದಕ್ಕೂ ಒಳ್ಳೆಯದು. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

2 ವರ್ಷದವರೆಗಿನ ಶಿಕ್ಷೆಯ ಕೇಸನ್ನು ಸಮನ್ಸ್ ಕೇಸಾಗಿ ನಡೆಸುತ್ತಾರೆ: ಆರೋಪದ ಸಾರಾಂಶ ಓದಿ ಹೇಳಿ ‘ಒಪ್ಪುತ್ತೀರಾ?’ ಎಂದು ಕೇಳುತ್ತಾರೆ. ಉತ್ತರ: ‘ಒಪ್ಪುವುದಿಲ್ಲ, ವಿಚಾರಣೆ ನಡೆಯಲಿ.’ ಹೆಚ್ಚಿನ ಶಿಕ್ಷೆಯವು ವಾರಂಟ್ ಕೇಸುಗಳು. ಅಲ್ಲಿ ದೋಷಾರೋಪಣೆಗೂ ಮುನ್ನ ಇಲಾಖೆ ಸಾಕ್ಷ್ಯ ಕೊಡಬೇಕು, ಮತ್ತು ಆ ಹಂತದಲ್ಲಿ ಡಿಸ್ಚಾರ್ಜ್ (ಆರೋಪದಿಂದ ಕೈಬಿಡುವಂತೆ) ಕೇಳುವ ಅವಕಾಶವಿದೆ.

ಕಾಂಪೌಂಡಿಂಗ್

ಕೇಸು ಗಟ್ಟಿಯಾಗಿದ್ದರೆ ನಾಚಿಕೆಪಡದೆ ಈ ದಾರಿ ನೋಡಿ. ಕಲಂ 279(2)ರಡಿ ಮುಖ್ಯ ಆಯುಕ್ತರ ದರ್ಜೆಯವರು ಕೇಸು ಹೂಡುವ ಮುನ್ನವೂ ಆಮೇಲೂ ಶುಲ್ಕ ಪಡೆದು ಅಪರಾಧವನ್ನು ಕೈಬಿಡಬಹುದು. 2024ರ ಅಕ್ಟೋಬರ್ 17ರ ಮಾರ್ಗಸೂಚಿ ಹಿಂದಿನ ಬಿಗಿಯನ್ನು ಸಾಕಷ್ಟು ಸಡಿಲಿಸಿದೆ, ಅರ್ಜಿಗಿದ್ದ ಕಾಲಮಿತಿಯನ್ನೂ ತೆಗೆದಿದೆ. ಅರ್ಜಿ ಶುಲ್ಕ ಒಂದು ಅರ್ಜಿಗೆ 25,000 ರೂ., ಹಲವು ವರ್ಷಗಳಿಗೆ ಸೇರಿಸಿ ಹಾಕಿದರೆ 50,000 ರೂ. ಇದು ಮರಳಿ ಬರುವುದಿಲ್ಲ, ಆದರೆ ಕೊನೆಗೆ ಕಟ್ಟುವ ಕಾಂಪೌಂಡಿಂಗ್ ಶುಲ್ಕದಲ್ಲಿ ಕಳೆಯುತ್ತಾರೆ. ಟಿಡಿಎಸ್ ಪ್ರಕರಣದಲ್ಲಿ ಶುಲ್ಕದ ದರ ತಿಂಗಳಿಗೆ ಶೇ 1.5. ಆ ಅಪರಾಧಕ್ಕೆ ಸಂಬಂಧಿಸಿದ ತೆರಿಗೆ, ಬಡ್ಡಿ, ದಂಡದ ಬಾಕಿ ಮೊದಲು ತೀರಿರಬೇಕು.

ಇದು ಹಕ್ಕಲ್ಲ, ಇಲಾಖೆಯ ವಿವೇಚನೆ. ಅರ್ಜಿ ಹಾಕಿದೊಡನೆ ಕೋರ್ಟಿನ ಕಲಾಪ ನಿಲ್ಲುವುದೂ ಇಲ್ಲ. ಸ್ವೀಕೃತಿಯ ಪ್ರತಿಯನ್ನು ಮೆಮೊ ಜೊತೆ ಕೋರ್ಟಿಗೆ ಕೊಟ್ಟು ಸಮಯ ಕೇಳಿ, ಪ್ರತಿ ದಿನಾಂಕಕ್ಕೂ ಹಾಜರಾಗುತ್ತಿರಿ.

ಪಾಟೀಸವಾಲು ಮತ್ತು ನಿಮ್ಮ ಹೇಳಿಕೆ

ಮೊದಲ ಸಾಕ್ಷಿ ಸಾಮಾನ್ಯವಾಗಿ ಫಿರ್ಯಾದು ಕೊಟ್ಟ ಅಧಿಕಾರಿ ಅಥವಾ ಅವರ ಜಾಗಕ್ಕೆ ವರ್ಗವಾಗಿ ಬಂದವರು. ಎಷ್ಟೋ ಸಲ ಅವರಿಗೆ ಗೊತ್ತಿರುವುದು ಕಡತದಲ್ಲಿ ಇರುವಷ್ಟೇ. ಪ್ರಶ್ನೆಗಳು ಚಿಕ್ಕದಾಗಿ, ಹೌದು-ಅಲ್ಲ ಉತ್ತರದವಾಗಿರಲಿ. ಕನ್ನಡದಲ್ಲಿ ದಾಖಲಾಗುವ ಸಾಕ್ಷ್ಯದಲ್ಲಿ ಅವು ಹೀಗೆ ಕಾಣಬೇಕು: ‘ನಿಶಾನೆ ಪಿ-3 ಆದೇಶವನ್ನು ನಾನು ಬರೆದಿಲ್ಲ ಎಂದರೆ ಸರಿ.’ ‘ನೋಟಿಸ್ ಆರೋಪಿಗೆ ತಲುಪಿದ ಸ್ವೀಕೃತಿಯನ್ನು ಹಾಜರುಪಡಿಸಿಲ್ಲ ಎಂದರೆ ಸರಿ.’ ‘ಕೊಲಿಜಿಯಂ ಒಪ್ಪಿಗೆಯ ಪತ್ರ ಕಡತದಲ್ಲಿಲ್ಲ ಎಂದರೆ ಸರಿ.’ ‘ಏಕೆ’ ಎಂದು ಕೇಳಬೇಡಿ. ನಿಮ್ಮ ವಿರುದ್ಧ ಅರ್ಧ ಪುಟ ವಿವರಣೆ ದಾಖಲಾಗುತ್ತದೆ. ತೆರಿಗೆ ಲೆಕ್ಕವೇ ತಪ್ಪೆಂದು ಅಲ್ಲಿ ವಾದ ಹೂಡುವುದೂ ವ್ಯರ್ಥ, ಅದರ ಜಾಗ ಅಪೀಲು. ನಿಮ್ಮ ಪ್ರತಿವಾದ ಏನಿದೆಯೋ ಅದನ್ನು ಸಾಕ್ಷಿಗೆ ಸಲಹೆಯಾಗಿ (‘ಹೀಗೆ ನಡೆದಿತ್ತು ಎಂದರೆ ಸರಿಯೇ?’ ಎಂಬಂಥ ಪ್ರಶ್ನೆಯಾಗಿ) ಹಾಕಿ, ‘ಸರಿಯಲ್ಲ’ ಎಂದು ಉತ್ತರ ಬಂದರೂ ಪರವಾಗಿಲ್ಲ. ಕೇಳದೇ ಬಿಟ್ಟ ವಿಷಯ ಆಮೇಲೆ ಹುಟ್ಟಿಸಿದ್ದು ಎನ್ನಿಸಿಕೊಳ್ಳುತ್ತದೆ.

ಸಾಕ್ಷ್ಯ ಮುಗಿದ ಮೇಲೆ ಕೋರ್ಟು ನಿಮ್ಮನ್ನೇ ಪ್ರಶ್ನಿಸುತ್ತದೆ (ಹಳೆಯ 313, ಈಗ 351). ಪ್ರಮಾಣ ವಚನವಿಲ್ಲ. ಎಲ್ಲಕ್ಕೂ ‘ಸುಳ್ಳು, ಗೊತ್ತಿಲ್ಲ’ ಎನ್ನುವ ರೂಢಿ 278ಇ ಇರುವ ಕೇಸಿನಲ್ಲಿ ನಷ್ಟದ ಬಾಬತ್ತು. ಲಿಖಿತ ಹೇಳಿಕೆ ಕೊಡುವ ಅವಕಾಶವಿದೆ, ಎರಡು ಮೂರು ಪುಟದಲ್ಲಿ ದಿನಾಂಕವಾರು ಬರೆದು ದಾಖಲೆ ಲಗತ್ತಿಸಿ. ಆದರೆ ಆ ಹೇಳಿಕೆಯೊಂದೇ ಸಾಕ್ಷ್ಯವಾಗದು. ನೀವೇ ಸಾಕ್ಷಿ ಕಟ್ಟೆ ಹತ್ತಬೇಕೆಂದರೆ ಲಿಖಿತ ಕೋರಿಕೆ ಬೇಕು, ಹತ್ತಿದರೆ ಪಾಟೀಸವಾಲಿಗೂ ಸಿದ್ಧರಿರಬೇಕು. ಇಮೇಲ್ ಕಳಿಸಿದ್ದನ್ನು ಸಿಎ ಅವರೇ ಬಂದು ಹೇಳುವಂತಿದ್ದರೆ ಅವರಿಗೆ ಸಾಕ್ಷಿ ಸಮನ್ಸ್ ಕೊಡಿಸಿ.

ತೀರ್ಪು ವಿರುದ್ಧ ಬಂದರೆ

ಶಿಕ್ಷೆ ಮೂರು ವರ್ಷ ಮೀರದಿದ್ದು ನೀವು ಜಾಮೀನಿನ ಮೇಲಿದ್ದರೆ, ಅಪೀಲು ಹಾಕುವವರೆಗೆ ಶಿಕ್ಷೆ ತಡೆಹಿಡಿಯುವಂತೆ ಅದೇ ಕೋರ್ಟಿಗೆ ಅದೇ ದಿನ ಅರ್ಜಿ ಕೊಡಬಹುದು (ಬಿಎನ್‌ಎಸ್‌ಎಸ್ 430). ತೀರ್ಪಿನ ದಿನ ಆ ಅರ್ಜಿ ಬರೆದು ಜೇಬಿನಲ್ಲಿರಲಿ, ಜಾಮೀನುದಾರರೂ ಹಾಲಿನಲ್ಲೇ ಇರಲಿ. ಮ್ಯಾಜಿಸ್ಟ್ರೇಟ್ ದರ್ಜೆಯ ಕೋರ್ಟಿನ ತೀರ್ಪಿನ ಮೇಲೆ ಸೆಷನ್ಸ್ ನ್ಯಾಯಾಲಯಕ್ಕೆ ಅಪೀಲು, ಅವಧಿ 30 ದಿನ. ಸಜೆಯಾದವರಿಗೆ ತೀರ್ಪಿನ ಪ್ರತಿಯನ್ನು ಕೋರ್ಟು ಅಂದೇ ಉಚಿತವಾಗಿ ಕೊಡಬೇಕು. ಕೇಳಿ ಪಡೆದುಕೊಂಡೇ ಹೊರಡಿ.